ಹಾಸಿಗೆಯ ಬದಿಗೆ ಒಬ್ಬರು

ನಾನು ಒಂದು ಸೀಟಿ ಊದಿದರೆ ಮಲಪ್ರಭೆ ನಿಲ್ಲುತ್ತಿತ್ತು. ಬಸ್ಸು ದಾಟಿದ ಮೇಲೆ ಎರಡು ಸೀಟಿ; ಹೊಳೆ ಮತ್ತೆ ಹರಿಯುತ್ತಿತ್ತು. ಸವದತ್ತಿ–ರಾಮದುರ್ಗ ಗಾಡಿಯ ಕಂಡಕ್ಟರ್ ಗಂಗಯ್ಯ ಅಂದರೆ ನೀರಿಗೂ ಅಷ್ಟು ಭಯ. ಇದನ್ನೇ ಶೀತಲಳಿಗೆ ಹೇಳುತ್ತಿದ್ದೆ. ಅವಳು ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ.

"ಹೊಳಿ ಆಮ್ಯಾಲ ನಿಂದರಸೂಣಂತ್ರಿ ಕಾಕಾ. ವಯಸ್ಸು ಹೇಳ್ರಿ."

"ನೋಡಿದ್ರ ಎಷ್ಟ ಅನಸ್ತದ?"

"ನಿಮ್ಮ ಆಧಾರ್ ಕಾರ್ಡ್ ನೋಡಿದ್ರ ಅರವತ್ತೇಳು ಅನಸ್ತದ್ರಿ."

ರಾಮದುರ್ಗದ ಬಸ್‌ಸ್ಟ್ಯಾಂಡಿನ ಎದುರು ಅವಳ ವಿಮೆ ಆಫೀಸು. ಎಷ್ಟು ಚಿಕ್ಕದೆಂದರೆ ನಾನು ಕೆಮ್ಮಿದರೆ ಗೋಡೆಗಳೇ ಹಿಂದೆ ಸರಿದು ಜಾಗ ಕೊಡಬೇಕು. ನೇಪಾಳದ ಟೂರಿಗೆ ಹೆಸರು ಹಚ್ಚಲು ಹೋದಾಗ ಟೂರಿನವರು ಒಂದು ಷರತ್ತು ಹಾಕಿದ್ದರು: ಒಬ್ಬರೇ ಬರುವ ಹಿರಿಯರು ಪ್ರವಾಸ ವಿಮೆ ಮಾಡಿಸಬೇಕು, ಹೆಚ್ಚುಕಡಿಮೆಯಾದರೆ ಫೋನಿಗೆ ಸಿಗುವ ಮನೆಯವರೊಬ್ಬರ ಹೆಸರು ಕೊಡಬೇಕು. ಇಲ್ಲವಾದರೆ ಸೀಟಿಲ್ಲ. ಅರ್ಧ ಜಿಲ್ಲೆಗೆ ಸೀಟು ಹಿಡಿದುಕೊಟ್ಟ ನನಗೇ ಸೀಟಿಲ್ಲವಂತೆ.

ಮೂಲ ಪಾಲಿಸಿ ಸಲೀಸಾಗಿ ಮುಗಿಯಿತು. ಅದರ ಮೇಲೆ ಬೇಕಾದ್ದು ಸೇರಿಸಿಕೊಳ್ಳಬಹುದು ಎಂದು ಶೀತಲ ಒಂದೊಂದೇ ಕೇಳತೊಡಗಿದಳು.

"ಹಗ್ಗ ಕಟಗೊಂಡು ಕಣಿವ್ಯಾಗ ಜಿಗಿಯೂದು ಇದ್ರ ಅದಕ್ಕ ಬ್ಯಾರೆ ಕವರ್ ಐತ್ರಿ."

"ಜಿಗೀತೇನಿ. ಹಗ್ಗ ಯಾಕ ಬೇಕ?"

"ಹಗ್ಗ ಇಲ್ದ ಜಿಗಿಯೋರಿಗೆ ಕವರ್ ಇಲ್ರಿ." ಅದನ್ನು ಬಿಟ್ಟಳು. ಮುಂದಿನದಕ್ಕೆ ದನಿ ಸ್ವಲ್ಪ ಇಳಿಸಿದಳು. "ಬಿಡ್ತು ಅನ್ರಿ, ಅಲ್ಲೇ ಏನರ ಆತಂದ್ರ ಊರಿಗೆ ತರೂ ಖರ್ಚು..."

"ಹಾಕವ್ವ. ಅಲ್ಲೆ ಸುಡ್ತಾರ. ನಾವು ಲಿಂಗಾಯತರು, ನಮ್ಮನ್ನ ಕುಂದ್ರಿಸಿ ಮಣ್ಣ ಕೊಡಬೇಕು. ಹುಟ್ಟಾ ಬಸ್ಸಿನ್ಯಾಗ ನಿಂತಾವ ನಾ, ಕಡೀಕರ ಕುಂದ್ರಬೇಕಲ್ಲ."

ಶೀತಲ ನಕ್ಕಳು. ನನ್ನ ಮಾತಿಗೆ ನಗದವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.

"ಇದೊಂದು ಐತ್ರಿ. ಭಾಳ ದಿನ ದವಾಖಾನ್ಯಾಗ ಬಿದ್ರ, ಹಾಸಿಗಿ ಬಾಜೂಕ ಕುಂದ್ರಾಕ ಮನಿಯವ್ರನ್ನ ಕರಸ್ತಾರ. ವಿಮಾನ, ರೂಮು ಎಲ್ಲಾ ಕಂಪನೀದು."

"ಎಷ್ಟ ವಿಮಾನ ಕೊಡ್ತಾರ?"

ನಮ್ಮ ಕಡೆ ಯಾರಾದರೂ ದವಾಖಾನೆ ಸೇರಿದರೆ ಮಾತಾಡಿಸಲು ಇಡೀ ಓಣಿ ಬ್ರೆಡ್ಡು, ಬಾಳೆಹಣ್ಣು ಹಿಡಿದು ಟ್ರ್ಯಾಕ್ಸ್ ಜೀಪು ಹತ್ತುತ್ತದೆ. ನಾನು ಅದೇ ಲೆಕ್ಕ ಹಿಡಿದಿದ್ದೆ. ಸಂಗೊಳ್ಳಿಯಿಂದ ಒಂದು ವಿಮಾನ, ಚಚಡಿಯಿಂದ ಒಂದು, ಸವದತ್ತಿಯವರಿಗೆ ನಿಂತು ಬರುವ ಗಾಡಿಯಾದರೂ ನಡೆದೀತು. ಕಾಠಮಾಂಡುವಿನ ನರ್ಸುಗಳು ಬಾಗಿಲಲ್ಲಿ ಟಿಕೆಟ್ ಹರಿಯಬೇಕಾದೀತೆಂದು ಅವಳಿಗೆ ಹೇಳಿದೆ.

"ಒಬ್ರಿಗಷ್ಟ ಕೊಡ್ತಾರ್ರಿ ಕಾಕಾ. ಫೋನಿಗೆ ಸಿಗೂ ಹೆಸರೂ ಅದನ್ನ ಹಾಕ್ತೇನಿ. ಯಾರ ಬರ್ತಾರ ಹೇಳ್ರಿ."

ಕಣ್ಣ ಮುಂದೆ ಸಾವಿರ ಮುಖ ಬಂದವು. ಮಜ್ಜಿಗೆ ಗಡಿಗೆಯವಳು, ಕಿಟಕಿ ಬೇಕೇ ಬೇಕೆನ್ನುವ ಮಾಸ್ತರು, ಚಿಲ್ಲರೆ ಇಲ್ಲದ ಗೌಡರು. ಯಾರು ಎಲ್ಲಿ ಇಳಿಯುತ್ತಾರೆಂಬುದು ನನಗೆ ಗೊತ್ತು. ಹೆಸರು ಮಾತ್ರ ಒಬ್ಬರದೂ ಗೊತ್ತಿಲ್ಲ.

"ನಿಂಗರಾಜ," ಅಂದೆ. "ನಮ್ಮ ಅಕ್ಕನ ಮಗ. ಪೈಲ್ವಾನ. ವಿಮಾನ ಸಿಗಲಿಲ್ಲಂದ್ರ ಹೆಗಲ ಮ್ಯಾಲ ಹೊತಗೊಂಡು ಹಿಮಾಲಯ ಇಳೀತಾನ."

ನಂಬರು ಕೇಳಿದಳು. ಹೇಳಿದೆ. ಬರೆದುಕೊಂಡು ಸುಮ್ಮನಾಗುತ್ತಾಳೆ ಅಂದುಕೊಂಡರೆ, "ತಪ್ಪ ನಂಬರ್ ಆದ್ರ ಹೊತ್ತಿಗೆ ಯಾರೂ ಸಿಗೂದಿಲ್ಲ, ಒಮ್ಮಿ ಹಚ್ಚಿ ನೋಡ್ತೇನಿ" ಎಂದು ತನ್ನ ಫೋನು ಕಿವಿಗಿಟ್ಟಳು.

ನನ್ನ ಅಂಗಿಯ ಒಳಕಿಸೆ ಗಂಟೆ ಬಾರಿಸತೊಡಗಿತು. ನನ್ನ ಫೋನು ಮೇಜಿನ ಮೇಲೆ, ಅವಳ ಕಣ್ಣೆದುರಿಗೇ ಇತ್ತು.

"ನಿಂಗರಾಜ ನಿಮ್ಮ ಕಿಸೇದಾಗ ಇರ್ತಾನೇನ್ರಿ?"

ಅಳಿಯ ಫೋನು ನನ್ನ ಹತ್ತಿರ ಮರೆತು ಹೋಗಿದ್ದಾನೆ ಅನ್ನಬಹುದಿತ್ತು. ಅಂಥ ಹನ್ನೆರಡು ಸುಳ್ಳು ನಾಲಿಗೆಯ ತುದಿಯಲ್ಲೇ ಇದ್ದವು. ಆದರೆ ಗಂಟೆ ನಿಲ್ಲಲಿಲ್ಲ, ಅವಳೂ ಕಟ್ ಮಾಡಲಿಲ್ಲ. ನಾನು ಎದ್ದು ಗೋಡೆಯ ಕಡೆ ತಿರುಗಿ ಫೋನೆತ್ತಿದೆ.

"ಹಲೋ."

"ಹಲೋ," ಅಂದಳು ಶೀತಲ. ಮಾತು ಒಮ್ಮೆ ಬೆನ್ನ ಹಿಂದಿನಿಂದ, ಒಮ್ಮೆ ಕಿವಿಯೊಳಗೆ ಬಂತು. "ನಿಂಗರಾಜ ಅವ್ರು ಅದಾರೇನ್ರಿ?"

"ಇಲ್ಲವ್ವ. ಅಂಥಾವ ಯಾರೂ ಇಲ್ಲ. ಅಕ್ಕನೂ ಇಲ್ಲ." ಗೋಡೆಗೆ ಹೇಳುವುದು ಸುಲಭವಾಗಿತ್ತು. "ಮುತ್ತಪ್ಪನ ಚಾದಂಗಡ್ಯಾಗ ಕುಂತಾಗ, ಮೇಜಿನ ಕೆಳಗ ಆ ಫೋನಿಂದ ಇದನ್ನ ನಾನ ಬಾರಿಸ್ಕೋತೇನಿ. ಯಾರೋ ಹಚ್ಯಾರಂತ ಮಂದೀಗೆ ಅನಸಲಿ ಅಂತ. ಈ ನಂಬರಿಗೆ ಬ್ಯಾರೇದವ್ರು ಹಚ್ಚಿದ್ದು ನೀನ ಮೊದಲ."

ಹೊರಗೆ ಯಾವುದೋ ಗಾಡಿ ಹಿಂದೆ ಸರಿಯುತ್ತಿತ್ತು. ಕಿವಿಯಲ್ಲಿ ಶೀತಲಳ ಉಸಿರು ಮಾತ್ರ ಕೇಳುತ್ತಿತ್ತು. ನಾನು ಫೋನು ಇಳಿಸಲಿಲ್ಲ. ಅವಳೂ ಇಳಿಸಲಿಲ್ಲ.