ಹೋದ ತಿಂಗಳ ತಾರೀಖು

ಲವಂಗದ ವಾಸನೆ ಬಂತು, ಅಂದರೆ ಮೇಲ್ವಿಚಾರಕರು ಬೆನ್ನ ಹಿಂದೆಯೇ ಇದ್ದಾರೆ, ಇರಲಿ, ನೋಡಿದರೆ ಅಕ್ಷರವೇನೂ ಸವೆಯುವುದಿಲ್ಲ — ಅವಳು ಹೆಲ್ಪ್ ಪುಟದಲ್ಲಿ ಟೈಪ್ ಮಾಡುತ್ತಲೇ ಹೋದಳು, ಕೀಪ್, ಅಂದರೆ ಉಳಿಸು: ಇದರ ಮುಂದೆ ಕೊಡುವ ಸಂಖ್ಯೆ ದಿನಗಳದ್ದಲ್ಲ, ಚಿತ್ರಗಳದ್ದು, ಉಳಿದವೆಲ್ಲ ಅಳಿಸಿಹೋಗುತ್ತವೆ, ಮರಳಿ ಸಿಗುವುದಿಲ್ಲ. ಇಷ್ಟು ಬರೆಯಲು ಈ ಮಹಾನುಭಾವರಿಗೆ ಕೈ ನೋಯುತ್ತಿತ್ತೇ, ಹಳೆಯ ಚಿತ್ರ ಅಳಿಸುವ ಈ ಸ್ಕ್ರಿಪ್ಟ್ ಇವರದೇ, ಬಳಸುವವರು ಓದಲೆಂದು ಹೆಲ್ಪ್‌ನಲ್ಲಿ ಇವರು ಬರೆದದ್ದೇನು, ಕೀಪ್: ಎಷ್ಟು ಉಳಿಸಬೇಕೋ ಅಷ್ಟು, ಆಹಾ, ಏನು ವಿವರಣೆ, ಎಷ್ಟು ಏನು ಸ್ವಾಮಿ, ದಿನವೇ, ಚಿತ್ರವೇ, ನಿಮ್ಮ ತಲೆಯೇ? ಆಸ್ಪತ್ರೆಯ ಹಳೆಯ ಎಕ್ಸ್‌ರೇಗಳನ್ನು ತೆಗೆಯಲು ಕೂತ ಹೊಸಬಳು ಅದನ್ನು ಓದಿ, ಹೌದು, ಓದಿಯೇ, ತೊಂಬತ್ತು ಎಂದು ಕೊಟ್ಟಳು, ಮೂರು ತಿಂಗಳದ್ದು ಇರಲಿ ಅಂತ, ಉಳಿದದ್ದು ತೊಂಬತ್ತೇ ಚಿತ್ರ, ಮಿಕ್ಕದ್ದು, ಯಾರದೋ ಮುರಿದ ಮೊಣಕೈ, ಯಾರದೋ ಕೆಮ್ಮುವ ಎದೆ, ಎಲ್ಲ ಗುಡಿಸಿಕೊಂಡು ಹೋಯಿತು. ಬೆಳಿಗ್ಗೆ ಇವರು ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ನೋಡಮ್ಮ, ನೀನು ಚೆನ್ನಾಗಿ ಬರೀತೀಯ, ಹೆಲ್ಪ್ ಸರಿ ಮಾಡ್ಬಿಡು, ತಾರೀಖು ಮಾತ್ರ ಹೋದ ತಿಂಗಳದ್ದು ಹಾಕು, ಊಟ ಆದ್ಮೇಲೆ ವಿಚಾರಣೆ, ಎಚ್ಚರಿಕೆ ಇತ್ತು, ಹುಡುಗಿ ಓದ್ಲಿಲ್ಲ, ಅಷ್ಟೇ — ಅಷ್ಟೇನಂತೆ! ಒಬ್ಬಳ ಅನ್ನ ಹೋಗುವುದು ಅಷ್ಟೇ! ಗಂಡನಿಗೆ ಫೋನ್ ಮಾಡಿದರೆ ಅವನದೂ ಅದೇ ರಾಗ, ಊರ ಉಸಾಬರಿ ನಿನಗ್ಯಾಕೆ, ಹೇಳಿದ್ದು ಮಾಡಿ ಸುಮ್ನಿರು, ಸುಮ್ಮನಿರಬೇಕಂತೆ, ಅವಸರದಲ್ಲಿ ಯಾರೋ ಕಣ್ಣುಮುಚ್ಚಿ ನಂಬುವ ಸಾಲು ಇದು, ಇದರೊಳಗೆ ಸುಳ್ಳು ತುರುಕುವುದೇ, ಥೂ, ಕೈ ಮುರಿದರೂ ಇಲ್ಲ. ತಾರೀಖಿನ ಜಾಗ ಬಂತು, ಇವತ್ತಿನದನ್ನೇ ಒತ್ತಿದಳು, ಬೆನ್ನ ಹಿಂದಿನಿಂದ, ಏಯ್ ಏನಮ್ಮ ಅದು, ನಾನು ಹೇಳಿದ್ದೇನು, ಕೇಳಿಸ್ತು ಸಾರ್, ಕೇಳಿಸಿದ್ದಕ್ಕೇ ಹೀಗೆ ಹಾಕ್ತಿರೋದು, ಅದರ ಕೆಳಗೆ ಇನ್ನೂ ಒಂದು ಸಾಲು, ಈ ವಿವರ ಇವತ್ತಿನವರೆಗೆ ಇಲ್ಲಿ ಇರಲಿಲ್ಲ, ಓದಿದವರಿಗೂ ತಿಳಿಯುವಂತಿರಲಿಲ್ಲ, ಸೇವ್ ಮಾಡಿದಳು, ವಿಚಾರಣೆಯವರಿಗೂ ಕಳಿಸಿಯೇಬಿಟ್ಟಳು, ನಿನ್ನ ಕೆಲಸಕ್ಕೂ ಸಂಚಕಾರ ತಂದ್ಕೊಂಡೆ ನೋಡು, ತಂದುಕೊಂಡೆ ಸಾರ್, ನನ್ನ ಕೈಯಾರೆ, ಇವತ್ತಿನ ತಾರೀಖಿನಲ್ಲೇ — ಗಾಜಿನ ಬಾಗಿಲಾಚೆ ಹೊಸಬಳು ಬೆಂಚಿನ ಮೇಲೆ ಕೂತಿದ್ದಾಳೆ, ಗುರುತಿನ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತುತ್ತಾಳೆ, ಬೆಳಿಗ್ಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ, ಅಕ್ಕಾ ನಾನು ಓದಿದ್ದೆ, ನಿಮ್ಮಾಣೆ ಓದಿದ್ದೆ ಅಕ್ಕಾ, ಬಿಚ್ಚುತ್ತಾಳೆ, ಮತ್ತೆ ಸುತ್ತುತ್ತಾಳೆ, ವಿಚಾರಣೆಯ ಕೋಣೆಯಿಂದ ಅವಳನ್ನು ಕರೆಯುತ್ತಿದ್ದಾರೆ, ಏಳುತ್ತಾಳೆ, ದಾರ ಇನ್ನೂ ಬೆರಳಲ್ಲೇ, ಬಿಗಿದ ಬೆರಳು, ರಕ್ತವಿಲ್ಲದೆ ಬೆಳ್ಳಗಾದ ಅದರ ತುದಿ.