ಹವಳಕ್ಕೆಂದು ಇಟ್ಟ ಜಾಗ

ಮಲೇಶಿಯಾದ ಪಿನಾಂಗಿನ ಆ ಉದ್ದನೆಯ ಹಳೇ ಮನೆಯ ಹಜಾರದಲ್ಲಿ, ಹಿರಿಯರ ಪಟಗಳಿದ್ದ ಪೂಜೆಯ ಮೇಜಿಗೆ ಎದುರಾಗಿ, ಮುದುಕಿ ಗೈಕ್ ನಿಯೋಳ ಬೆತ್ತದ ಕುರ್ಚಿ ಇತ್ತು. ಅಲ್ಲಿ ಕೂತರೆ ಬೀದಿಯೂ ಕಾಣುತ್ತಿತ್ತು, ಅಡುಗೆಮನೆಯೂ ಕಾಣುತ್ತಿತ್ತು. ಬೀದಿಯಲ್ಲಿ ಯಾರು ಹೋದರು, ಬಾಣಲೆಗೆ ಸೊಸೆ ಎಷ್ಟು ಎಣ್ಣೆ ಸುರಿದಳು, ಎರಡೂ ಆಕೆಯ ಕಣ್ಣು ತಪ್ಪುತ್ತಿರಲಿಲ್ಲ. ಒಂದು ಬೆಳಿಗ್ಗೆ ಮಗ ಕೆಂಗ್ ಸೂನ್ ಆ ಕುರ್ಚಿಯನ್ನೆತ್ತಿ ಮೆಟ್ಟಿಲ ಪಕ್ಕಕ್ಕಿಟ್ಟು, ಅದಿದ್ದ ಕಡೆ ಕಬ್ಬಿಣದ ಚೌಕಟ್ಟೊಂದನ್ನು ಕೂರಿಸತೊಡಗಿದ.

"ನಾನು ಸತ್ತ ಮೇಲೆ ಹೇಗೂ ಆ ಜಾಗ ಖಾಲಿ ಆಗ್ತಿತ್ತಲ್ಲೋ," ಎಂದಳು ಮುದುಕಿ. "ಅಷ್ಟು ದಿನ ತಡ್ಕೊಳ್ಳೋಕೆ ಆಗ್ಲಿಲ್ವಾ ನಿನಗೆ?"

"ಸಮುದ್ರ ತರ್ತಾ ಇದೀನಮ್ಮ. ಅದಕ್ಕೂ ಜಾಗ ಬೇಕಲ್ಲ."

"ಬೀದಿ ಕೊನೆಗೆ ಹೋದ್ರೆ ಸಮುದ್ರ ಪುಕ್ಕಟೆ ಕಾಣತ್ತೆ. ಇವನಿಗೆ ಅದನ್ನ ಪೆಟ್ಟಿಗೇಲಿ ಹಾಕ್ಕೊಂಡು ನೋಡ್ಬೇಕಂತೆ!"

ಕೆಂಗ್ ಸೂನ್ ಚೌಕಟ್ಟಿನ ತಿರುಪು ಬಿಗಿದ. ಕೆಲಸದಲ್ಲಿದ್ದಷ್ಟು ಕಾಲವೂ ದೋಣಿಘಟ್ಟದ ದೊಡ್ಡ ಫೆರಿಗಳ ಎಂಜಿನ್ ಕೋಣೆಯಲ್ಲಿ ಕಳೆದವನು ಅವನು. ಸಮುದ್ರದ ಮೇಲೆ ಅಷ್ಟು ವರ್ಷ ಓಡಾಡಿದರೂ ನೋಡಿದ್ದು ಎಣ್ಣೆ ಜಿಡ್ಡು ಮತ್ತು ಕೊಳವೆಗಳನ್ನು. ಸಮುದ್ರವನ್ನು ನಿಜವಾಗಿ ನೋಡಿದವಳು ಅವನ ಹೆಂಡತಿ ಸ್ಯೂ ಲೆಂಗ್. ಮದುವೆಯಾದ ಹೊಸದರಲ್ಲಿ ಹವಳಕ್ಕೆ ಹೆಸರಾದ ಪಾಯಾರ್ ದ್ವೀಪಕ್ಕೆ ಹೋದಾಗ ಮುಖಕ್ಕೆ ಗಾಜಿನ ಮುಖವಾಡ ಕಟ್ಟಿಕೊಂಡು ನೀರಿಗಿಳಿದವಳು ಎಷ್ಟು ಹೊತ್ತಾದರೂ ಮೇಲೆ ಬಂದಿರಲಿಲ್ಲ. ಬಂದಾಗ ನಗುತ್ತಿದ್ದಳೋ ಅಳುತ್ತಿದ್ದಳೋ ಅವನಿಗೆ ಗೊತ್ತಾಗಿರಲಿಲ್ಲ. "ಕೆಳಗೆ ಯಾರೋ ಮಣಿ ಹೆಣೆದು ಹಾಸಿದಾರೆ ರೀ," ಎಂದಿದ್ದಳು.

ಮಣಿಯೇ ಅವಳ ಬದುಕು. ಸಾಸಿವೆಗಿಂತ ಸಣ್ಣ ಗಾಜಿನ ಮಣಿಗಳನ್ನು ಪೋಣಿಸಿ ಹೂವು ಹಕ್ಕಿ ಮೂಡಿಸುವ ಅಲ್ಲಿನ ಹಳೇ ಚೀನೀ ಮನೆತನದ ಹೆಂಗಸರು ತೊಡುವ ನ್ಯೋನ್ಯಾ ಚಪ್ಪಲಿಗಳನ್ನು ಹೊಲಿಯುವುದರಲ್ಲಿ ಆ ಬೀದಿಯಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಕಲಿಸಿದವಳು ಅತ್ತೆಯೇ. ಕಲಿಸುವಾಗ ಒಂದು ಮಣಿ ಉರುಳಿದರೆ ಬಾಯಿಗೆ ಬಂದಂತೆ ಅನ್ನುತ್ತಿದ್ದಳು, ಕೊನೆಗೆ ಸೊಸೆಗೆ 'ಮಣಿ ಚೆಲ್ಲೋಳು' ಎಂಬ ಹೆಸರನ್ನೇ ಇಟ್ಟುಬಿಟ್ಟಳು. ಸೊಸೆಯ ಕೈ ಪಳಗಿ ಊರೆಲ್ಲ ಹೊಗಳಿದ ಮೇಲೂ ಆ ಹೆಸರು ಹೋಗಲಿಲ್ಲ. ಅತ್ತೆಯ ಕೋಣೆಯ ಮಂಚಕ್ಕೆ ಆಕೆಯ ಮದುವೆಯ ಕಾಲದ ಒಂದು ಕಾಸಿನ ಸರ ತೂಗುತ್ತಿತ್ತು: ನಡುವೆ ಚೌಕ ತೂತಿರುವ ಹಳೇ ತಾಮ್ರದ ಕಾಸುಗಳು, ಕೆಂಪು ದಾರದಲ್ಲಿ ಗಂಟು ಹಾಕಿದ್ದು. ಮನೆ ತುಂಬಿ ಬಂದ ದಿನ ಸ್ಯೂ ಲೆಂಗ್ ಅದನ್ನು ಮುಟ್ಟಹೋಗಿ ಕೈಮೇಲೆ ಏಟು ತಿಂದಿದ್ದಳು. ಆಮೇಲೆ ಮುದುಕಿ ಅದನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು.

ಈಗ ಸ್ಯೂ ಲೆಂಗಳ ಕಣ್ಣು ಹೋಗುತ್ತಿತ್ತು. ಅಂಚಿನಿಂದ ಶುರುವಾಗಿ ಒಳಗೊಳಗೆ ಮುಚ್ಚಿಕೊಂಡು ಬರುವ ರೋಗ, ಔಷಧಿ ಇಲ್ಲ. ಕೊಳವೆಯೊಳಗಿಂದ ನೋಡಿದಂತೆ ನಡುವೆ ಮಾತ್ರ ಒಂದಿಷ್ಟು ಉಳಿದಿತ್ತು. ಸೂಜಿ ಹಿಡಿಯುವುದು ನಿಂತುಹೋಗಿತ್ತು. ಅವಳಿಗೆ ಒಂದೇ ಆಸೆ, ಅದನ್ನೂ ಒಮ್ಮೆ ಮಾತ್ರ ಬಾಯಿಬಿಟ್ಟು ಹೇಳಿದ್ದಳು: "ಪಾಯಾರಲ್ಲಿ ನೋಡಿದ್ದನ್ನ ಇನ್ನೊಂದ್ಸಲ ನೋಡ್ಬೇಕಿತ್ತು." ಅಲೆಗೆ ಇಳಿಯುವ ಧೈರ್ಯ ಅವಳಿಗಿನ್ನು ಇರಲಿಲ್ಲ. ಹಾಗಾಗಿ ಕೆಂಗ್ ಸೂನ್ ಪಾಯಾರನ್ನೇ ಹಜಾರಕ್ಕೆ ತರಲು ಹೊರಟ.

ಆಳುದ್ದದ ಗಾಜಿನ ತೊಟ್ಟಿ ಬಂತು. ಅದರಡಿಯ ಗೂಡಿನಲ್ಲಿ ಇನ್ನೊಂದು ಸಣ್ಣ ತೊಟ್ಟಿ; ಮೇಲಿನ ನೀರು ಕೊಳವೆಯಲ್ಲಿ ಅಲ್ಲಿಗಿಳಿದು, ನೊರೆ ತೆಗೆಯುವ ಯಂತ್ರದಲ್ಲಿ ಕೊಳೆ ಕಳೆದುಕೊಂಡು, ತಂಪಾಗಿ, ಪಂಪಿನಿಂದ ಮತ್ತೆ ಮೇಲೇರಬೇಕು. ಅವನ ಪಾಲಿಗೆ ಇದು ಎಂಜಿನ್ ಕೋಣೆಯೇ. ಕೊಳವೆಗಳನ್ನು ಅವನೇ ಕೊಯ್ದು ಅಂಟಿಸಿದ, ಸೋರುವ ಒಂದು ಕೀಲಿಗಾಗಿ ಇಡೀ ಸಾಲನ್ನು ಬಿಚ್ಚಿ ಮತ್ತೆ ಕಟ್ಟಿದ. ಸೋಸಿದ ನೀರಿಗೆ ಉಪ್ಪು ಕಲಸಿ, ಅಳೆದು, ಮತ್ತೆ ಕಲಸಿದ. ಮರಳು ಹಾಸಿದ. ಆಚೆ ದಡದ ಬಟರ್‌ವರ್ತಿನಲ್ಲಿ ಹವಳ ಮಾರುವ ರೋಸ್ಲಾನನ ಅಂಗಡಿಯಿಂದ ತೂತುತೂತಾದ ಕಲ್ಲುಗಳನ್ನು ತಂದು ಜೋಡಿಸಲು ಕೂತಾಗ ಹೆಂಡತಿಯನ್ನು ಎದುರಿಗೆ ಸ್ಟೂಲಿನ ಮೇಲೆ ಕೂರಿಸಿಕೊಂಡ.

"ನೇರ ನೋಡು. ಕತ್ತು ತಿರುಗಿಸ್ಬೇಡ. ನನ್ನ ಬೆರಳು ಇಲ್ಲಿ ಕಾಣತ್ತಾ?"

"ಇಲ್ಲ."

"ಇಲ್ಲಿ?"

"ಹ್ಞಾಂ, ಈಗ ಕಂಡಿತು. ಉಗುರಿಗೆ ಗೋಂದು ಮೆತ್ತಿದೆ."

ಅವಳಿಗೆ ಕಾಣುವಷ್ಟಕ್ಕೆ ಗಾಜಿನ ಮೇಲೆ ಮೇಣದ ಕಡ್ಡಿಯಿಂದ ದುಂಡಗೆ ಗೆರೆ ಎಳೆದ. ಊಟದ ತಟ್ಟೆಯಷ್ಟಗಲ, ಅಷ್ಟೇ. ಅಷ್ಟು ದೊಡ್ಡ ತೊಟ್ಟಿಯಲ್ಲಿ ಅವಳ ಪಾಲಿನ ಸಮುದ್ರ ಇಷ್ಟು. ಅತ್ಯಂತ ಚೆಂದದ ಹವಳ ಕೂರಲೆಂದು ಆ ಗೆರೆಯ ಹಿಂದೆ ಕಲ್ಲಿನ ಒಂದು ಜಗಲಿ ಕಟ್ಟಿದ.

ಆಮೇಲೆ ಕಾಯುವ ಕೆಲಸ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಕಲ್ಲಿನಲ್ಲಿ ನೆಲೆಯೂರಿ ನೀರು ಹದಕ್ಕೆ ಬರುವ ತನಕ ಹವಳವನ್ನು ಬಿಡುವಂತಿಲ್ಲ, ಬಿಟ್ಟರೆ ಸಾಯುತ್ತದೆ. ವಾರಗಟ್ಟಲೆ ತೊಟ್ಟಿಯಲ್ಲಿ ಬರೀ ಕಲ್ಲು. ಕಲ್ಲಿನ ಮೇಲೆ ಕಂದು ಲೋಳೆ ಬಂತು, ಹೋಯಿತು, ಹಸಿರು ಪಾಚಿ ಬಂತು. ಇತ್ತ ಹೆಂಡತಿಯ ಕಣ್ಣು ಕಾಯುವ ಸ್ಥಿತಿಯಲ್ಲಿರಲಿಲ್ಲ, ಅತ್ತ ನೀರಿಗೆ ಅವಸರವಿರಲಿಲ್ಲ. ನಡುವೆ ಸಿಕ್ಕಿಕೊಂಡ ಕೆಂಗ್ ಸೂನ್ ದಿನಾ ನೀರನ್ನು ಪರೀಕ್ಷಿಸಿ ಕೈಕೈ ಹಿಸುಕಿಕೊಳ್ಳುತ್ತಿದ್ದ.

"ಜನ ನಾಯಿ ಸಾಕ್ತಾರೆ, ಬೆಕ್ಕು ಸಾಕ್ತಾರೆ," ಎನ್ನುತ್ತಿದ್ದಳು ಮುದುಕಿ ಮೆಟ್ಟಿಲ ಪಕ್ಕದಿಂದ. "ನನ್ನ ಮಗ ಕಲ್ಲು ಸಾಕ್ತಾನೆ. ಅದಕ್ಕೆ ದೀಪ ಬೇರೆ, ತಂಪು ಬೇರೆ. ನನಗೊಂದು ಫ್ಯಾನು ಹಾಕಿಸ್ಕೊಡೋ ಅಂದ್ರೆ ಕಿವಿ ಕೇಳಲ್ಲ."

ಸ್ಯೂ ಲೆಂಗ್ ಮಾತ್ರ ಸ್ಟೂಲಿನ ಮೇಲೆ ಕೂತು ಕಲ್ಲನ್ನೇ ನೋಡುತ್ತಿದ್ದಳು. "ಇರ್ಲಿ ಬಿಡಿ. ಅಲ್ಲಿ ಒಂದು ಸಣ್ಣ ಹುಳ ತಲೆ ಹೊರಗೆ ಹಾಕತ್ತೆ. ನೀವು ಬಂದ್ರೆ ಒಳಗೆ ಹೋಗತ್ತೆ," ಎಂದು ನಗುತ್ತಿದ್ದಳು.

ಕೊನೆಗೂ ನೀರು ಹದಕ್ಕೆ ಬಂತು. ಮೊದಲು ಬಸವನಹುಳುಗಳು ಬಂದು ಪಾಚಿ ಮೇಯ್ದವು. ಆಮೇಲೆ ಕಿತ್ತಳೆ ಮೀನಿನ ಜೋಡಿ, ಕೆಂಪು ಪಟ್ಟೆಯ ಸೀಗಡಿ. ಕಡೆಗೆ ಹವಳ. ಗೆರೆಯ ಹಿಂದಿನ ಜಗಲಿಯಲ್ಲಿ ಕೆಂಗ್ ಸೂನ್ ಕೂರಿಸಿದ್ದು ಅಂಗಿಯ ಗುಂಡಿಯಂಥ ಪುಟ್ಟ ಪುಟ್ಟ ಹೂಗಳು ಒತ್ತೊತ್ತಾಗಿದ್ದ ಹವಳ. ಬಂದ ದಿನ ಮುದುಡಿಕೊಂಡಿತ್ತು. ಇವತ್ತು ನಾಳೆ ಅರಳುತ್ತದೆ ಎಂದು ರೋಸ್ಲಾನ್ ಹೇಳಿದ್ದ. ಸ್ಯೂ ಲೆಂಗ್ ಹಬ್ಬದ ಹಿಂದಿನ ದಿನದ ಹುಡುಗಿಯ ಹಾಗೆ ಬೇಗ ಊಟ ಮುಗಿಸಿ ಸ್ಟೂಲಿನ ಮೇಲೆ ಕೂತಳು.

ಅದೇ ವಾರ ಆಸ್ಪತ್ರೆಯಲ್ಲಿ ಡಾಕ್ಟರು, ಉಳಿದಿರುವುದೂ ಬೇಗ ಹೋಗಬಹುದು, ಮಳೆಗಾಲ ದಾಟುತ್ತದೆಯೋ ಇಲ್ಲವೋ ಎಂದರು. ಮನೆಗೆ ಬಂದು ಕೆಂಗ್ ಸೂನ್ ಅದನ್ನು ತಾಯಿಗೆ ಹೇಳಿದ. ಮುದುಕಿ ಮೂಗು ಮುರಿದಳು. "ಡಾಕ್ಟರಿಗೇನು ಗೊತ್ತು. ಹಣೇಲಿ ಬರೆದಷ್ಟು ಕಾಣತ್ತೆ," ಎಂದು ಕೋಣೆಗೆ ಹೋದಳು. ಒಳಗೆ ಬೀರುವಿನ ಬಾಗಿಲು ಕಿರುಗುಟ್ಟಿದ್ದು ಅವನಿಗೆ ಕೇಳಿಸಿತು. ಹೆತ್ತ ತಾಯಿಯಾದರೂ ಇಷ್ಟು ಕಲ್ಲುಮನಸ್ಸೇ ಎಂದು ಅವನಿಗೆ ಸಿಟ್ಟು ಬಂತು.

ಹವಳ ಅರಳಲಿಲ್ಲ. ಮೊದಲು ಸೀಗಡಿ ಸತ್ತಿತು, ಆಮೇಲೆ ಬಸವನಹುಳುಗಳು ಒಂದೊಂದಾಗಿ ಗಾಜಿನಿಂದ ಕಳಚಿ ಬಿದ್ದವು. ಅಂಚಿನಲ್ಲಿದ್ದ ಹವಳವೊಂದು ಕರಗಿ ಲೋಳೆಯಾಯಿತು. ಮೀನುಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಕೆಂಗ್ ಸೂನ್ ನೀರು ಬದಲಿಸಿದ, ಉಪ್ಪು ಬದಲಿಸಿದ, ಪಂಪು ಬಿಚ್ಚಿ ನೋಡಿದ. ಎಲ್ಲೂ ತಪ್ಪಿರಲಿಲ್ಲ. ಯಂತ್ರದಲ್ಲಿ ತಪ್ಪು ಸಿಗದಿದ್ದರೆ ಮನುಷ್ಯರಲ್ಲಿ ಹುಡುಕುವುದು ಎಂಜಿನ್ ಕೋಣೆಯವರ ರೂಢಿ.

"ನಿನ್ನೆ ಗಾಜು ಒರೆಸಿದ್ಯಲ್ಲ," ಎಂದ ಹೆಂಡತಿಗೆ. "ಏನ್ ಹಾಕಿ ಒರೆಸ್ದೆ?"

"ಬರೀ ಬಟ್ಟೆ ರೀ. ನೀವೇ ಕೊಟ್ಟಿದ್ದು."

"ಬಟ್ಟೇಲಿ ಏನಿತ್ತು, ಪಕ್ಕದಲ್ಲಿ ಯಾವ ಬಾಟ್ಲಿ ಇತ್ತು, ನಿನಗೆ ಕಂಡಿತ್ತಾ? ಕಣ್ಣು ಕಾಣದೆ ಏನನ್ನೋ ಸುರಿದಿದ್ದೀಯ!"

ಅಂದ ಮರುಗಳಿಗೆಗೇ ನಾಲಿಗೆ ಕಚ್ಚಿಕೊಂಡ. ಆದರೆ ಆಡಿದ್ದು ಆಡಿಯಾಗಿತ್ತು. ಸ್ಯೂ ಲೆಂಗ್ ಗೋಡೆ ಸವರಿಕೊಂಡು ಎದ್ದು, ಸ್ಟೂಲನ್ನು ತೊಟ್ಟಿಯಿಂದ ದೂರಕ್ಕೆ ಎಳೆದಿಟ್ಟು ಒಳಗೆ ಹೋದಳು. ಮೆಟ್ಟಿಲ ಪಕ್ಕದಲ್ಲಿದ್ದ ಮುದುಕಿ ಅಂದು ಮಾತ್ರ ತುಟಿಪಿಟಕ್ಕೆನ್ನಲಿಲ್ಲ.

ಮರುದಿನ ಫೋನಿನಲ್ಲಿ ರೋಸ್ಲಾನ್ ಎಲ್ಲ ಕೇಳಿಕೊಂಡು, "ಅಂಕಲ್, ಸೀಗಡಿ ಸತ್ತು ಮೀನು ಉಳಿದಿದೆ ಅಂದ್ರೆ ತಾಮ್ರ ಇರ್ಬೇಕು. ಪರೀಕ್ಷೆ ಮಾಡಿ," ಎಂದ. ಮಾಡಿದ. ಸಣ್ಣ ಶೀಸೆಯ ನೀರು ಬಣ್ಣ ತಿರುಗಿತು. ತಾಮ್ರದ ತಂತಿ, ಮೊಳೆ, ತಿರುಪು, ಏನೋ ನೀರಿಗೆ ಬಿದ್ದಿದೆ ಎಂದು ಅವನು ಗೂಡಿನ ಬಾಗಿಲು ತೆಗೆದು ನೆಲದ ಮೇಲೆ ಮಲಗಿ ತಡಕಾಡಿದ. ಯಂತ್ರದ ಹಿಂದಿನ ಸಂದಿಗೆ ಅವನ ದಪ್ಪ ಕೈ ಹೋಗಲಿಲ್ಲ.

"ಈಚೆ ಸರೀರಿ," ಎಂದಳು ಸ್ಯೂ ಲೆಂಗ್ ಹಿಂದಿನಿಂದ. "ಕಣ್ಣಿಲ್ಲದಿದ್ರೂ ಕೈ ಇದೆ ನನಗೆ."

ಆ ಮಾತು ಅವನಿಗೆ ನಾಟಿತು. ಸರಿದು ಜಾಗ ಬಿಟ್ಟ. ಅವಳು ಕೂತು ತೆಳ್ಳಗಿನ ಕೈಯನ್ನು ಸಂದಿಯೊಳಗೆ ಇಳಿಸಿದಳು. ಮಣಿ ಹೆಕ್ಕುವಾಗಿನ ಹಾಗೆ ಬೆರಳುಗಳು ನಿಧಾನವಾಗಿ ಹುಡುಕಿದವು. ಒಮ್ಮೆಗೇ ನಿಂತವು. ಅವಳು ಮುಖ ಎತ್ತಿದಳು, ಆದರೆ ಕೈ ಹೊರಗೆ ತೆಗೆಯಲಿಲ್ಲ.

"ಏನದು?"

"ದಾರ," ಎಂದಳು. "ಗಂಟು ಹಾಕಿದಾರೆ. ಕಾಸು. ನಡುವೆ ಚೌಕ ತೂತು." ಅವಳ ಹೆಬ್ಬೆರಳು ಆ ತೂತನ್ನು ಮತ್ತೊಮ್ಮೆ ಸವರಿತು. "ನಿಮ್ಮಮ್ಮಂದು ರೀ."

ಹೊರತೆಗೆದಾಗ ಕೆಂಪು ದಾರ ಕಪ್ಪಿಟ್ಟಿತ್ತು, ಕಾಸುಗಳ ಮೇಲೆ ಹಸಿರು ಹೊಪ್ಪಳೆ ಎದ್ದಿತ್ತು. ಕೆಂಗ್ ಸೂನನಿಗೆ ತಕ್ಷಣ ಹೊಳೆಯಿತು. ತಾಯಿ ಚಿಕ್ಕವಳಿದ್ದಾಗ ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ, ವಾಸಿಯಾಗಲೆಂದು ಆಕೆಯ ಅಜ್ಜಿ ಬಾವಿಗೆ ಕಾಸು ಬಿಡುತ್ತಿದ್ದಳಂತೆ. ಎಷ್ಟೋ ಸಲ ಹೇಳಿದ್ದಳು. ಈ ಮನೆಯಲ್ಲಿ ಬಾವಿ ಇರಲಿಲ್ಲ, ತೊಟ್ಟಿ ಇತ್ತು. ಅವನು ಸರವನ್ನು ಮುಷ್ಟಿಯಲ್ಲಿ ಹಿಡಿದು ಎದ್ದ. "ಇವತ್ತು ಕೇಳೇಬಿಡ್ತೀನಿ. ಮಾಡಿದ್ದು ತಾನು, ನಿನ್ನನ್ನ ಅಂದಾಗ ಸುಮ್ಮನೆ ಕೂತಿದ್ಲಲ್ಲ!"

"ಅತ್ತೆಗೆ ಗೊತ್ತೇ ಇಲ್ಲ ರೀ, ಇದರಿಂದ ಹೀಗಾಯ್ತು ಅಂತ." ಸ್ಯೂ ಲೆಂಗ್ ಅವನ ಮಣಿಕಟ್ಟು ಹಿಡಿದಳು. "ನನಗೆ ಮುಟ್ಟೋಕೂ ಬಿಡದ ಸರ ಇದು. ಬೀರು ತೆಗೆದು, ಈ ವಯಸ್ಸಲ್ಲಿ ನೆಲಕ್ಕೆ ಕೂತು, ನನ್ನ ಕಣ್ಣಿಗೆ ಅಂತ ನೀರಿಗೆ ಬಿಟ್ಟಿದಾರೆ. ಇದನ್ನ ತಗೊಂಡೋಗಿ, ನೀನೇ ಕೊಂದೆ ಅಂತ ಮುಖಕ್ಕೆ ಹಿಡೀತೀರಾ?"

"ಹಾಗಾದ್ರೆ ಹವಳ? ಕಲ್ಲೆಲ್ಲ ತಾಮ್ರ ಕುಡಿದಿದೆ. ಈ ಕಲ್ಲಿನ ಮೇಲೆ ಇನ್ನು ಹವಳ ಬದುಕಲ್ಲ. ಎಲ್ಲ ಬಿಸಾಕಿ ಮೊದಲಿಂದ ಶುರು ಮಾಡ್ಬೇಕು. ಮತ್ತೆ ಅಷ್ಟು ದಿನ..."

"ಅಷ್ಟು ದಿನ ನನ್ನ ಹತ್ರ ಇಲ್ಲ," ಎಂದಳು ಅವಳು. "ಕಣ್ಣು ಹೋಗತ್ತೆ, ಹವಳ ಇದ್ರೂ ಹೋಗತ್ತೆ. ಆಮೇಲೆ ಈ ಮನೇಲಿ ನನಗೆ ಉಳಿಯೋದು ನೀವು, ಅತ್ತೆ. ಅವರು ನನ್ನನ್ನ ಬೇಕು ಅಂದ್ಕೊಂಡಿದಾರೆ ಅಂತ ಇವತ್ತು ಗೊತ್ತಾಯ್ತು. ಅದನ್ನ ಕಿತ್ಕೋಬೇಡಿ."

ಕೆಂಗ್ ಸೂನ್ ನೆಲದ ಮೇಲೆಯೇ ಕೂತುಬಿಟ್ಟ. ಇಷ್ಟು ದಿನ ಅಳೆದಿದ್ದು, ಸುರಿದಿದ್ದು, ಕಾದಿದ್ದು ಎಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಗಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಅವನನ್ನು ಸುಡುತ್ತಿದ್ದದ್ದು ಬೇರೆ. "ನಿನ್ನೆ ನಾನು ಹಾಗೆ ಅನ್ಬಾರದಿತ್ತು ಲೆಂಗ್," ಎಂದ. "ತಪ್ಪಾಯ್ತು."

"ತಪ್ಪೇ," ಎಂದಳು ಅವಳು. ಆದರೆ ಹಿಡಿದ ಕೈ ಬಿಡಲಿಲ್ಲ.

ಉಳಿದಿದ್ದ ಹವಳಗಳನ್ನು ಅವನು ಡಬ್ಬಿಯಲ್ಲಿಟ್ಟುಕೊಂಡು, ತನ್ನ ಕಾಲದ ಫೆರಿಯಲ್ಲೇ ದಾಟಿ, ರೋಸ್ಲಾನನ ತೊಟ್ಟಿಗೆ ಬಿಟ್ಟು ಬಂದ. ಇದ್ದಿಲ ಸೋಸುಗ ಹಾಕಿ, ನೀರು ಬದಲಿಸಿ ಮೀನುಗಳನ್ನು ಉಳಿಸಿಕೊಂಡ. ಕಾಸುಗಳನ್ನು ಉಜ್ಜಿ ತೊಳೆದು, ಹೊಸ ಕೆಂಪು ದಾರದಲ್ಲಿ ಪೋಣಿಸಿ, ನೀರು ತಾಗದ ಹಾಗೆ ಗಾಜಿನಂಥ ಅಂಟಿನಲ್ಲಿ ಅದ್ದಿ ಒಣಗಿಸಿದ. ಆಮೇಲೆ ಅದನ್ನು ಕತ್ತಲ ಸಂದಿಗೆ ಹಾಕದೆ, ಮೇಲಿನ ತೊಟ್ಟಿಯಲ್ಲಿ, ಮೇಣದ ಗೆರೆಯ ನಡುವೆ, ಹವಳಕ್ಕೆಂದು ಕಟ್ಟಿದ ಜಗಲಿಯ ಎದುರು ತನ್ನ ಕೈಯಾರೆ ಇಳಿಬಿಟ್ಟ.

ಬೆಳಿಗ್ಗೆ ಕಾಫಿ ಹಿಡಿದು ಬಂದ ಗೈಕ್ ನಿಯೋ ತೊಟ್ಟಿಯ ಮುಂದೆ ನಿಂತೇಬಿಟ್ಟಳು. ಸರವನ್ನು ನೋಡಿದಳು, ಮಗನನ್ನು ನೋಡಿದಳು. ಆಕೆಯ ಮುಖ ಒಂದು ಕ್ಷಣ ಕೆಂಪೇರಿತು.

"ಗಂಟು ಹಾಕೋ ರೀತಿನಾ ಇದು?" ಎಂದಳು. "ಅದ್ಸರಿ, ಹೂವಿನ ಥರದ್ದು ಏನೋ ತಂದಿದ್ಯಲ್ಲ, ಅದೆಲ್ಲಿ?"

"ಸರಿಹೋಗ್ಲಿಲ್ಲಮ್ಮ. ವಾಪಸ್ ಕೊಟ್ಟೆ."

"ನಾನು ಆವತ್ತೇ ಹೇಳಿರ್ಲಿಲ್ವಾ? ನನ್ನ ಮಾತು ಯಾರು ಕೇಳ್ತಾರೆ ಈ ಮನೇಲಿ!" ಮುದುಕಿಗೆ ಗೆದ್ದ ಹುರುಪು. ಮೆಟ್ಟಿಲ ಪಕ್ಕದಿಂದ ಬೆತ್ತದ ಕುರ್ಚಿಯನ್ನು ತಾನೇ ದರದರ ಎಳೆದು ತಂದು, ಸ್ಟೂಲನ್ನು ಮತ್ತೆ ತೊಟ್ಟಿಯೆದುರು ಎಳೆದುಕೊಂಡು ಕೂತಿದ್ದ ಸೊಸೆಯ ಮಗ್ಗುಲಿಗೆ ಹಾಕಿ ಕೂತಳು. ಯಾರನ್ನೂ ನೋಡದೆ ಕೇಳಿದಳು: "ಏ ಮಣಿ ಚೆಲ್ಲೋಳೇ, ಏನಾದ್ರೂ ಕಾಣತ್ತಾ?"

"ಕೆಂಪು ದಾರ ಕಾಣತ್ತೆ ಅತ್ತೆ," ಎಂದಳು ಸ್ಯೂ ಲೆಂಗ್. "ಕಾಸೂ ಕಾಣತ್ತೆ. ಒಂದು ಮೀನು ಅದರ ಹಿಂದೆ ಹೋಯ್ತು."

"ಮತ್ತೆ? ಡಾಕ್ಟರಿಗೇನು ಗೊತ್ತು," ಎಂದು ಮುದುಕಿ ಕಾಫಿ ಕುಡಿದಳು.

ಕೆಂಗ್ ಸೂನ್ ಕೊಳವೆ ನೋಡುವ ನೆಪದಲ್ಲಿ ಗೂಡಿನ ಹಿಂದೆ ಬಗ್ಗಿ ಕಣ್ಣೊರೆಸಿಕೊಂಡ. ಹವಳ ಬೆಳೆಯಲೆಂದು ತಂದ ನೀಲಿ ದೀಪದಿಂದ ಇನ್ನು ಉಪಯೋಗವಿರಲಿಲ್ಲ, ಬಿಚ್ಚಬೇಕೆಂದಿದ್ದ. ಆ ಬೆಳಕಿನಲ್ಲಿ ಹೆಂಡತಿಗೆ ಸ್ವಲ್ಪ ಚೆನ್ನಾಗಿ ಕಾಣುತ್ತಿತ್ತು, ಹಾಗಾಗಿ ಬಿಚ್ಚಲಿಲ್ಲ.