ಕಿಟಕಿ ಹಾಡಿನ ಇಪ್ಪತ್ತಮೂರು ದನಿಗಳು

"ಇವತ್ತು ಹದಿನೇಳನೇದು," ಎಂದು ಸ್ಕ್ರೂ ಮಾವ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ ಕೊಟ್ಟ. "ಗಿಟಾರ್ ಬಿಟ್ರೆ ಬೇರೇನಿಲ್ಲ. ಹುಡುಗ ಹಾಡ್ತಿದ್ದಾನೋ ನಿದ್ದೇಲಿ ಕನವರಿಸ್ತಿದ್ದಾನೋ, ನೀನೇ ಹೇಳು."

ಲಾಂಡ್ರಿಯ ಗೇಟಿನೆದುರಿನ ಮೊಬೈಲ್ ರಿಪೇರಿ ಅಂಗಡಿ ಅವನದು. ಹೊಟೇಲು, ಆಸ್ಪತ್ರೆಗಳ ಚಾದರ ಒಗೆದು ಇಸ್ತ್ರಿ ಮಾಡುವ ಲಾಂಡ್ರಿ ನಮ್ಮದು. ನಮ್ಮದು ಅನ್ನುವುದು ಬಾಯಿಯ ಚಟ. ಅಲ್ಲಿ ನಿಜವಾಗಿ ನಮ್ಮದಾಗಿರುವುದು ಮೊಣಕೈ ಕೆಳಗಿನ ಸುಟ್ಟ ಗೆರೆಗಳು ಮಾತ್ರ.

ಊಟದ ಅರ್ಧ ಗಂಟೆಯಲ್ಲಿ ಹತ್ತು ನಿಮಿಷಕ್ಕೆ ಡಬ್ಬಿ ಖಾಲಿ ಮಾಡಿ ನಾನು ಅವನ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಒಂದೇ ಹಾಡು, ದಿನಕ್ಕೊಬ್ಬರ ಗಂಟಲಲ್ಲಿ. ನಲವತ್ತು ವರ್ಷದ ಹಿಂದಿನ ಆ ಹಾಡು ಯಾರಿಗೆ ಗೊತ್ತಿಲ್ಲ? ಒಬ್ಬ ಬೀದಿಯಲ್ಲಿ ನಿಂತು, ನಿನ್ನ ಕಿಟಕಿಯ ದೀಪ ಆರುವವರೆಗೂ ಇಲ್ಲೇ ಇರುತ್ತೇನೆ ಎನ್ನುತ್ತಾನೆ. ಬೆಳಿಗ್ಗೆ ಆರಕ್ಕೆ ಪಾಳಿ ಇಲ್ಲದವನು ಬರೆದದ್ದು ಎಂದು ನಾವು ನಗುತ್ತಿದ್ದೆವು. ನಕ್ಕರೂ ಹಾಡುತ್ತಿದ್ದೆವು.

ಮೊದಲು ಹಾಡಿದವನ ದನಿಯ ಹಿಂದೆ ಒಂದು ಮದುವೆ ಮನೆಗಾಗುವಷ್ಟು ಪಿಟೀಲುಗಳಿವೆ. ಕದ ತೆರೆದೇ ತೆರೆಯುತ್ತದೆ ಎಂಬ ಭರವಸೆಯಲ್ಲಿ ಹಾಡುತ್ತಾನೆ, ಕಾದೇ ಗೊತ್ತಿಲ್ಲದವನ ಹಾಗೆ. ಐದನೆಯದರಲ್ಲಿ ಒಬ್ಬಳು ಪ್ರತಿ ಸಾಲನ್ನೂ ಬೆಟ್ಟ ಹತ್ತಿಸಿ ಅಲ್ಲಿಂದ ಚಪ್ಪಾಳೆ ಕೇಳುತ್ತಾಳೆ. ಒಂಬತ್ತನೆಯದು ಶಾಲೆಯ ಮಕ್ಕಳದು. ವಿರಹ ಅವರ ಬಾಯಲ್ಲಿ ಮಗ್ಗಿಯಂತೆ ಕೇಳಿಸುತ್ತದೆ. ಹನ್ನೆರಡನೆಯದಕ್ಕೆ ಮಾತೇ ಇಲ್ಲ, ಬರೀ ಕೊಳಲು. ನಮ್ಮ ಚಾದರ ಹೋಗುವ ಹೊಟೇಲಿನ ಲಿಫ್ಟಿನಲ್ಲಿ ಅದೇ ನುಡಿಯುತ್ತದಂತೆ. ಯಾರನ್ನೂ ನೋಯಿಸದ, ಯಾರಿಗೂ ಸೇರದ ಸಂಗೀತ.

"ಇದೂ ಅಲ್ವಾ?" ಎಂದ ಸ್ಕ್ರೂ ಮಾವ.

"ಅಲ್ಲ."

"ನಿಂಗೆ ಎಂಥದು ಬೇಕು ಅಂತ ಒಂದ್ಸಲ ಬಾಯಿಬಿಟ್ಟು ಹೇಳಬಾರ್ದಾ? ವರ ಹುಡುಕೋಕೂ ಇಷ್ಟು ಕಷ್ಟ ಇರಲ್ಲ."

ನನಗೆ ಬೇಕಾದದ್ದು ಅಕ್ಕ. ನಾಲ್ಕು ವರ್ಷದಿಂದ ಸುದ್ದಿಯಿಲ್ಲ, ನಂಬರ್ ಬದಲಾಗಿದೆ. ಒಂದೇ ಕೋಣೆಯಲ್ಲಿದ್ದೆವು, ಅವಳು ಗೋಡೆ ಕಡೆ, ನಾನು ಬಾಗಿಲ ಕಡೆ. ಈಗ ಚಾಪೆ ತುಂಬ ಜಾಗವಿದೆ, ನಾನು ಇನ್ನೂ ಬಾಗಿಲ ಕಡೆಯೇ ಮಲಗುತ್ತೇನೆ.

ಇಸ್ತ್ರಿ ಪ್ರೆಸ್ಸಿನ ಮುಂದೆ ಹಾಡು ಶುರು ಮಾಡುತ್ತಿದ್ದವಳು ಅವಳೇ. ಅವಳದು ಮೊದಲನೇ ಪ್ರೆಸ್ಸು, ನನ್ನದು ಪಕ್ಕದ ಎರಡನೇದು. ಚಾದರ ಹಾಸು, ಅಂಗೈಯಿಂದ ಸವರು, ಪೆಡಲ್ ತುಳಿ. ಮೇಲಿನ ಹಲಗೆ ಇಳಿದು ಹಬೆ ಬುಸ್ಸೆನ್ನುತ್ತದೆ. ನಾಲ್ಕು ಎಣಿಸುವವರೆಗೆ ಯಾರು ಹಾಡಿದರೂ ಕೇಳಿಸದು, ಬಾಯಿ ತೆರೆದರೆ ಗಂಟಲು ಬೇಯುತ್ತದೆ. ಅದಕ್ಕೇ ಅಕ್ಕ "ನಿನ್ನ ಕಿಟ—" ಎಂದು ತುಟಿ ಮುಚ್ಚಿ, ಹಬೆ ಹೋದ ಮೇಲೆ "—ಕಿಯ ದೀಪ" ಎನ್ನುತ್ತಿದ್ದಳು. ಮೂವತ್ತು ಹೆಂಗಸರೂ ಹಾಗೇ ಕಲಿತರು. ಮನೆಯಲ್ಲಿ ಮಗು ತೂಗುವಾಗಲೂ ಹಾಗೇ.

ಹಾಡಿನ ಲಯವೇ ನಮ್ಮ ಕೈಯ ಲಯ. ಒಂದು ಹಾಡಿಗೆ ಆರು ಚಾದರ. ಮಾಲೀಕರು ಎಂಟು ಕೇಳಿದ ವಾರ, ಅಕ್ಕ ಹಾಡನ್ನು ನಿಧಾನ ಮಾಡಿದಳು. ಒಂದು ಹಾಡಿಗೆ ಆರೇ. ಹಾಡು ಮಾತ್ರ ಮುಗಿಯದು. ಯಾರೂ ಕೈ ಕಟ್ಟಿ ಕೂತಿಲ್ಲ, ಯಾರೂ ಎದುರು ಮಾತಾಡಿಲ್ಲ. ಚಾದರಗಳು ಮಾತ್ರ ಬೆಟ್ಟದಂತೆ ಬಾಕಿ ಬಿದ್ದವು. ಮೇಲಿನವರು ಸ್ಪೀಕರ್ ತಂದು ಅದೇ ಹಾಡಿನ ಕುಣಿಯುವ ಆವೃತ್ತಿಯನ್ನು ಜೋರಾಗಿ ಹಾಕಿದರು. ಅಕ್ಕ ಅದರ ಮೇಲೆಯೇ ನಿಧಾನವಾಗಿ ಹಾಡಿದಳು, ಬಿರುಸು ಹೊಳೆಯಲ್ಲಿ ಎಮ್ಮೆ ನಡೆದಂತೆ.

ಮೂರನೆಯ ದಿನ ಸೂಪರ್‌ವೈಸರ್ ಸಾಲಾಗಿ ನಿಲ್ಲಿಸಿ ಕೇಳಿದ: "ಯಾರು ಶುರು ಮಾಡೋದು?"

ಎಲ್ಲರೂ ಸೂರು ನೋಡಿದರು. ನನ್ನ ಮುಂದೆ ಬಂದು, "ನಿನ್ನ ಕೆಲಸ ಉಳೀಬೇಕಲ್ವಾ?" ಎಂದ. ನಾನು ಬಾಯಿ ಬಿಡಲಿಲ್ಲ. ನನ್ನ ಕಣ್ಣು ಅಕ್ಕನ ಕಾಲಿನತ್ತ ಹೋಯಿತು. ಅಷ್ಟೇ ಸಾಕಾಯಿತು. ಕೊಡಲಿಯ ಕಾವು ಕುಲಕ್ಕೆ ಮೃತ್ಯು ಅನ್ನುತ್ತಾರಲ್ಲ, ಆ ಕಾವು ನಾನು. ಅಂದೇ ಅವಳ ಕೆಲಸ ಹೋಯಿತು, ಸಂಜೆ ಬಟ್ಟೆ ಕಟ್ಟಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ.

ಇಷ್ಟನ್ನೂ ಸ್ಕ್ರೂ ಮಾವನಿಗೆ ಹೇಗೆ ಹೇಳಲಿ? "ಹುಡುಕ್ತಾ ಇರು ಮಾವ," ಎಂದೆ.

ಇಪ್ಪತ್ತಮೂರನೆಯದು ಹಾಡಿನ ಧ್ವನಿಮುದ್ರಣವೇ ಅಲ್ಲ, ಯಾರೋ ಫೋನಿನಲ್ಲಿ ಹಿಡಿದ ವಿಡಿಯೊ. ದೂರದ ಯಾವುದೋ ಊರಿನ ಲಾಂಡ್ರಿಯ ಗೇಟು, ನೆಲದ ಮೇಲೆ ಧರಣಿ ಕೂತ ಹೆಂಗಸರು, ರಟ್ಟಿನ ಫಲಕಗಳು, ಫೋನ್ ನಂಬರ್ ಬರೆದ ಒಂದು ಬ್ಯಾನರ್. ಹಾಡು ನಿಧಾನವಾಗಿತ್ತು. "ನಿನ್ನ ಕಿಟ—" ಎಂದು ಎಲ್ಲರೂ ಒಟ್ಟಿಗೆ ನಿಲ್ಲಿಸಿದರು.

"ನೆಟ್‌ವರ್ಕ್ ಹೋಯ್ತು," ಎಂದು ಸ್ಕ್ರೂ ಮಾವ ಫೋನಿಗೆ ಒಂದು ಬಾರಿಸಿದ.

"—ಕಿಯ ದೀಪ," ಎಂದರು ಹೆಂಗಸರು.

"ಮತ್ತೆ ಹಾಕು."

ಮತ್ತೆ ಹಾಕಿದ. ಬಿಸಿಲು, ಬಯಲು, ಒಂದೇ ಒಂದು ಯಂತ್ರವಿಲ್ಲ. ಇಲ್ಲದ ಹಬೆಗೆ ನಲವತ್ತು ಬಾಯಿಗಳು ನಾಲ್ಕೆಣಿಕೆ ಕಾದವು. ವಿಡಿಯೊದ ಕೆಳಗೆ ಯಾವನೋ ಬರೆದಿದ್ದ: ಕಿಟಕಿಯನ್ನು ಎರಡು ಹೋಳು ಮಾಡಿದ್ದೀರಲ್ಲ, ಬಡಗಿಗಳಾ ನೀವು? ಅಕ್ಕ ಅದರಲ್ಲಿ ಕಾಣಲಿಲ್ಲ, ಅವಳ ದನಿಯನ್ನು ಬಿಡಿಸಿ ತೆಗೆಯಲೂ ಆಗಲಿಲ್ಲ. ಆದರೆ ರೇಡಿಯೊ ಕೇಳಿ ಕಲಿತವರು ಯಾರೂ ಅಲ್ಲಿ ಉಸಿರು ಹಿಡಿಯುವುದಿಲ್ಲ. ಆ ತಪ್ಪಿಗೆ ತಾಯಿ ಒಬ್ಬಳೇ.

"ಏನಾಯ್ತೇ? ಮುಖ ಯಾಕೆ ಹಾಗೆ?"

"ಆ ಬ್ಯಾನರ್ ಮೇಲಿನ ನಂಬರ್ ಓದು ಮಾವ. ನಂಗೆ ಕಣ್ಣು ಕಾಣ್ತಿಲ್ಲ."

ಅವನು ಏನೂ ಕೇಳದೆ ತಾನೇ ಒತ್ತಿ ನನ್ನ ಕೈಗೆ ಕೊಟ್ಟ. ಅತ್ತ ಒಬ್ಬ ಹೆಂಗಸು, ಹಿಂದೆ ಪಾತ್ರೆಗಳ ಸದ್ದು. "ಯಾರಮ್ಮಾ?"

"ಅಲ್ಲಿ ಹಾಡು ಶುರು ಮಾಡೋರು... ಎತ್ತರ ಇದ್ದಾರೆ, ಎಡಗೈಲಿ ಸುಟ್ಟ ಕಲೆ..."

"ಇಲ್ಲಿ ಕಲೆ ಇಲ್ಲದ ಕೈ ಯಾವ್ದಮ್ಮಾ? ದೊಡ್ಡಕ್ಕನ್ನ ಕೇಳ್ತಿದ್ದೀಯಾ? ಯಾರು ಅಂತ ಹೇಳಲಿ?"

ತಂಗಿ ಎನ್ನಲು ನಾಲಿಗೆ ಏಳಲಿಲ್ಲ. "ಎರಡನೇ ಪ್ರೆಸ್ಸಿನವಳು ಅಂತ ಹೇಳಿ."

ಅವಳು ಕೂಗಿ ಹೇಳಿದ್ದು ಕೇಳಿಸಿತು. ಪಾತ್ರೆ ಸದ್ದು ನಿಂತಿತು. ಆ ಹೆಂಗಸೇ ಮರಳಿ ಬಂದಳು. "ಕೇಳ್ತಿದ್ದಾಳೆ, ಈಗ ಅಲ್ಲಿ ಯಾರು ಶುರು ಮಾಡ್ತಾರೆ ಅಂತ."

ಸುಳ್ಳು ಹೇಳಬಹುದಿತ್ತು. "ಯಾರೂ ಇಲ್ಲ. ಸ್ಪೀಕರ್ ಒಂದೇ. ಈಗ ಎಂಟು ಚಾದರ."

ಅತ್ತ ಏನೋ ಮಾತಾಯಿತು. ಇತ್ತ ಗೇಟಿನಲ್ಲಿ ಬೆಲ್ ಹೊಡೆಯಿತು. ಹೆಂಗಸರೆಲ್ಲ ಡಬ್ಬಿ ಮುಚ್ಚಿ ಎದ್ದರು.

"ಏನಂದ್ಲು?" ಎಂದೆ.

"ಲೈನಲ್ಲೇ ಇರು, ಕೈ ಒರೆಸ್ಕೊಂಡು ಬರ್ತಿದ್ದಾಳೆ."

ಸೂಪರ್‌ವೈಸರ್ ರಸ್ತೆ ದಾಟಿ ಅಂಗಡಿಯ ಮುಂದೆ ಬಂದು ನಿಂತ. "ಬೆಲ್ ಕೇಳಿಸ್ಲಿಲ್ವಾ? ಒಳಗೆ ನಡಿ. ಗೇಟ್ ಹಾಕಿದ್ರೆ ನಾಳೆಯಿಂದ ಬರೋದೇ ಬೇಡ."

ಫೋನನ್ನು ಕಿವಿಗೆ ಒತ್ತಿಕೊಂಡು ಅವನ ಮುಖವನ್ನೇ ನೋಡಿದೆ.

"ಕೇಳಿಸ್ತು," ಎಂದೆ. "ಅಕ್ಕ ಬರ್ತಿದ್ದಾಳೆ. ಸ್ವಲ್ಪ ಇರಿ."